ಬಸರಿಗಟ್ಟಿಯ ಹೊಲಕ್ಕೆ ನೀರು ಬಂದದ್ದು

ಆಂಟಾಪ್ ಹಿಲ್, ಮುಂಬಯಿ
೧೧ ಫೆಬ್ರುವರಿ ೧೯೫೭

ಚಿರಂಜೀವಿ ಶಿವಪುತ್ರಪ್ಪನಿಗೆ ಆಯಿಯ ಆಶೀರ್ವಾದ. ನಾವು ಉಂಡು ತಿಂದು ಇದ್ದೇವೆ. ಅಷ್ಟು ಸಾಕು, ನಿನ್ನ ವಿಷಯಕ್ಕೆ ಬರುತ್ತೇನೆ.

ಅಣೆಕಟ್ಟೆ ಕಟ್ಟುವ ಎಂಜಿನಿಯರ್ ಆದ ಮೇಲೆ ಹೊಳೆ ತಿರುಗಿಸುವ ವಿದ್ಯೆಯ ಜೊತೆಗೆ ಆಯಿಯ ಮನಸ್ಸು ತಿರುಗಿಸುವ ವಿದ್ಯೆಯೂ ಬಂತೆಂದು ತಿಳಿದಿರುವೆಯೋ ಏನೋ. 'ಈ ಮಳೆಗಾಲಕ್ಕೆ ಬಸರಿಗಟ್ಟಿ ಮುಳುಗುತ್ತದೆ, ಅವ್ವನನ್ನು ಇಟ್ಟ ಜಾಗ ಯಾವುದು ತಿಳಿಸು, ತೆಗೆದು ಎತ್ತರದಲ್ಲಿ ಇಡುತ್ತೇನೆ' ಎಂದು ಬರೆದಿದ್ದೀ. ಜಾಗ ನನಗೆ ಗೊತ್ತು. ನಿನ್ನ ಅವ್ವ, ನನ್ನ ಮಗಳು ಶರಣವ್ವನನ್ನು ಅವಳ ಗಂಡನ ಮನೆಯವರು ಹೊಳೆದಂಡೆಯ ಹೊಲದಲ್ಲಿ ಕೂಡಿಸುವಾಗ ಪಕ್ಕದಲ್ಲೇ ನಿಂತಿದ್ದೆ. ಆದರೆ ತಿಳಿಸುವುದಿಲ್ಲ.

ಮುಂಬಯಿಯಲ್ಲಿ ಬೆಳೆದವನೆಂದು ಬಿಡಿಸಿ ಹೇಳುತ್ತೇನೆ, ಕೇಳು. ನಾವು ಸತ್ತವರನ್ನು ಸುಡುವವರಲ್ಲ, ಮಲಗಿಸಿ ಹೂಳುವವರೂ ಅಲ್ಲ. ಗೂಡು ತೋಡಿ ಕೂಡಿಸುತ್ತೇವೆ. ಬದುಕಿದ್ದಾಗ ಕೊರಳಲ್ಲಿ ಕಟ್ಟಿಕೊಂಡ ಲಿಂಗವನ್ನು ಎಡಗೈಯಲ್ಲಿ ಇಟ್ಟು, ವಿಭೂತಿ, ಬಿಲ್ವಪತ್ರೆ ತುಂಬಿ ಕಲ್ಲು ಮುಚ್ಚುತ್ತೇವೆ. ಅಲ್ಲಿಗೆ ಐಕ್ಯವಾಯಿತು. ಆಮೇಲೆ ಪಿಂಡವಿಲ್ಲ, ತಿಥಿಯಿಲ್ಲ, ದೆವ್ವವೂ ಇಲ್ಲ. ಹಾಗೆ ಕೂತವರನ್ನು ಎಬ್ಬಿಸಬಾರದು. ಮೇಲೆ ನೀರು ಬಂದರೆ ಬರಲಿ. ಲಿಂಗ ಕೈಯಲ್ಲಿದ್ದವರಿಗೆ ಮಣ್ಣೇನು, ನೀರೇನು.

ನಿನ್ನ ಕಾಗದದಿಂದ ಚಾಳಿನ ಗ್ಯಾಲರಿಯಲ್ಲಿ ಜಗಳವೇ ಆಯಿತು. ನಿನ್ನ ಸೋದರಮಾವ ಮುರಿಗೆಪ್ಪ ಕಲ್ಲಿದ್ದಲು ಡಿಪೋದ ಕಾರಕೂನನಲ್ಲವೆ, ಇದ್ದಲಿಯ ಪರ ನಿಂತ.

"ಊರು ಮುಳುಗಿಸಿ ಕಟ್ಟಿ ಕಟ್ಟೂದು ಯಾಕ ಬೇಕು? ಬಿಹಾರದಾಗ ನೂರು ವರ್ಷಕ್ಕ ಆಗುವಷ್ಟು ಇದ್ದಲಿ ಐತಿ. ವ್ಯಾಗನ್ ತುಂಬಿ ತರೂದು, ಸುಡೂದು, ಕರೆಂಟ್ ಮಾಡೂದು."

ಪಕ್ಕದ ಖೋಲಿಯ ಸತ್ಯಮೂರ್ತಿ ಮೈಸೂರು ಕಡೆಯವನು, ಟ್ರಾಂಬೆಯ ಅಣು ಕೇಂದ್ರದಲ್ಲಿ ಕೆಲಸ. ಅವನು ಚಹದ ಕಪ್ಪು ಕೆಳಗಿಟ್ಟು, "ನೂರು ವರ್ಷ ಆದ್ಮೇಲೆ ಏನ್ಮಾಡ್ತೀರಿ ಮುರಿಗೆಪ್ಪನೋರೇ? ಇದ್ದಿಲೂ ಮುಗಿಯುತ್ತೆ, ಮಳೆಯೂ ಕೈಕೊಡುತ್ತೆ. ನಮ್ಮಲ್ಲಿ ಒಂದು ಬುಟ್ಟಿ ಲೋಹ ಇದ್ರೆ ಇಡೀ ಊರಿಗೆ ವರ್ಷಗಟ್ಟಲೆ ದೀಪ" ಅಂದ.

"ಹತ್ತಿಸೀರೇನು?" ಅಂದೆ.

"ಇನ್ನೂ ಇಲ್ಲ ಅಜ್ಜಿ, ಪ್ರಯೋಗ ನಡೀತಿದೆ."

"ಹಂಗಾರ ಹತ್ತಿದ ಮ್ಯಾಲ ಮಾತಾಡೂಣು. ಈಗ ಕಂದೀಲಿಗೆ ಎಣ್ಣಿ ಹಾಕತೀನಿ, ಕರೆಂಟ್ ಹೋಗೂ ಹೊತ್ತಾತು."

ಇಬ್ಬರೂ ಬಾಯಿ ಮುಚ್ಚಿದರು. ನೀನೂ ಅಷ್ಟೇ ಮಾಡು. ಗುದ್ದಲಿ ಹಿಡಿದು ಆ ಹೊಲಕ್ಕೆ ಹೋಗಬೇಡ.

ನಿನ್ನ ಆಯಿ,
ರುದ್ರವ್ವ

*

ಬಸರಿಗಟ್ಟಿ ಕ್ಯಾಂಪ್
೩ ಮಾರ್ಚ್ ೧೯೫೭

ಪೂಜ್ಯ ಆಯಿಗೆ ಶಿವಪುತ್ರನ ಶರಣು.

ನಿನ್ನ ಕಾಗದವನ್ನು ಕಟ್ಟೆಯ ಮೇಲೆ ಕೂತು ಓದಿದೆ. ಕೆಳಗೆ ಊರು ಅರ್ಧ ಖಾಲಿಯಾಗಿದೆ. ಬಾಗಿಲು, ತೊಲೆಗಳನ್ನು ಕಿತ್ತು ಬಂಡಿಗೆ ಹೇರುತ್ತಿದ್ದಾರೆ. ಬಾಗಿಲಿಲ್ಲದ ಮನೆಗಳನ್ನು ನೋಡಿದರೆ ಯಾರೋ ಬಾಯಿ ತೆರೆದು ಮಾತು ಮರೆತ ಹಾಗೆ ಕಾಣುತ್ತದೆ.

ಮಾವನಿಗೆ ಹೇಳು, ಬಿಹಾರದಿಂದ ಇದ್ದಲಿ ತರುವ ಗಾಡಿಗೂ ಇದ್ದಲಿಯೇ ಬೇಕು. ಅಲ್ಲಿ ಗಣಿಯಲ್ಲಿ ಮುಷ್ಕರವಾದರೆ ಇಲ್ಲಿ ಗಿರಣಿ ನಿಲ್ಲುತ್ತದೆ. ಸತ್ಯಮೂರ್ತಿಯವರ ಅಣುವಿಗೆ ಇನ್ನೂ ಇಪ್ಪತ್ತು ವರ್ಷ ಬೇಕು. ಅಲ್ಲಿಯವರೆಗೆ ದೇಶ ಕತ್ತಲಲ್ಲಿ ಕೂಡಬೇಕೆ? ಹೊಳೆಗೆ ಯಾರೂ ದುಡಿಮೆಯ ಕೂಲಿ ಕೊಡಬೇಕಿಲ್ಲ. ಪ್ರತಿ ಮಳೆಗಾಲ ತಾನೇ ತುಂಬುತ್ತದೆ. ಈ ಕೆಲಸದಲ್ಲಿ ನನಗೆ ನಂಬಿಕೆ ಇದೆ, ಆಯಿ.

ನಂಬಿಕೆ ಇರುವುದರಿಂದಲೇ ಅವ್ವನನ್ನು ಇಲ್ಲಿ ಬಿಡಲಾರೆ. ಅವಳ ಮುಖ ನಾನು ಕಂಡವನಲ್ಲ, ಒಂದು ಫೋಟೋ ಕೂಡ ಇಲ್ಲ. ನಾನೇ ಕಟ್ಟಿದ ನೀರು ತೆಂಗಿನಮರದುದ್ದ ಅವಳ ತಲೆಯ ಮೇಲೆ ನಿಲ್ಲುತ್ತದೆಂದರೆ ಆ ಕರೆಂಟಿನ ದೀಪದ ಕೆಳಗೆ ನಾನು ಹೇಗೆ ಉಣ್ಣಲಿ?

ಜಂಗಮರಾದ ಚನ್ನಬಸಯ್ಯನವರನ್ನು ಕೇಳಿದೆ. ನೀನು ಹೇಳಿದ್ದನ್ನೇ ಅವರೂ ಹೇಳಿದರು, ಜೊತೆಗೆ ಬರಲಾರೆನೆಂದರು. ಆದರೆ ಹೊಲದ ಕಡೆ ಒಮ್ಮೆ ಕೈ ತೋರಿಸಿದರು.

ನಿನ್ನ ಮೊಮ್ಮಗ,
ಶಿವಪುತ್ರ

*

ಆಂಟಾಪ್ ಹಿಲ್
೯ ಏಪ್ರಿಲ್

ಶಿವಪುತ್ರ,

ಟಪಾಲಿನವನು ನಿನ್ನ ಪಾರ್ಸಲ್ ತಂದಾಗ ನನ್ನ ಸೊಸೆ ಸೇವಂತಿ, "ಮೊಮ್ಮಗ ಕುಂದಾ ಕಳಿಸ್ಯಾನ, ಎಲ್ಲಾರಿಗೂ ಹಂಚರಿ" ಎಂದು ನಕ್ಕಳು. ಓಣಿಯ ಮಕ್ಕಳು ಸುತ್ತ ನಿಂತಿದ್ದರು. ಬಿಸ್ಕೀಟಿನ ಡಬ್ಬಿಯ ಮುಚ್ಚಳ ತೆಗೆದೆ. ಹತ್ತಿಯ ನಡುವೆ ಶರಣವ್ವನ ಲಿಂಗ ಇತ್ತು. ಮಕ್ಕಳನ್ನು ಕಳಿಸಿ ಕದ ಹಾಕಿಕೊಂಡೆ.

ಜೊತೆಗಿದ್ದ ಚೀಟಿ ಓದಿದೆ. 'ಅವ್ವ ಲಿಂಗದಲ್ಲಿ ಐಕ್ಯಳಾಗಿದ್ದರೆ ಲಿಂಗ ಎಲ್ಲಿದೆಯೋ ಅವಳೂ ಅಲ್ಲಿಯೇ ಇರಬೇಕು, ಆದ್ದರಿಂದ ನಿನ್ನ ದೇವರ ಜಗಲಿಗೆ ಕಳಿಸಿದ್ದೇನೆ' ಎಂದು ಬರೆದಿದ್ದೀ. ಎಂಜಿನಿಯರನ ಲೆಕ್ಕ. ಲೆಕ್ಕ ಸರಿ ಇದೆ, ಬುದ್ಧಿ ತಪ್ಪಿದೆ. ಮಲಗಿದ ಕೂಸಿನ ಕೈಯಿಂದ ತಾಯಿಯ ಸೆರಗು ಬಿಡಿಸಿ, ಸೆರಗನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದೇನೆ ಅಂದ ಹಾಗಾಯಿತು. ಕೂಸು ಏನು ಮಾಡಬೇಕು?

ಇನ್ನೊಂದು ಸಂಗತಿ. ಬಂದಾಗಲೇ ಹತ್ತಿ ತೊಯ್ದಿತ್ತು. ಒರೆಸಿ ಹಿತ್ತಾಳೆ ತಟ್ಟೆಯಲ್ಲಿ ಇಟ್ಟೆ. ಮುಂಜಾನೆ ನೋಡಿದರೆ ತಟ್ಟೆಯಲ್ಲಿ ನೀರು, ತಳದಲ್ಲಿ ನುಣ್ಣಗಿನ ಕೆಂಪು ಮಣ್ಣು. ಚೆಲ್ಲಿ ಒರೆಸಿದೆ. ಮರುದಿನ ಮತ್ತೆ ಹಾಗೆಯೇ.

"ಸಮುದ್ರದ ಹವಾ ಯವ್ವ, ಇಲ್ಲಿ ಎಲ್ಲಾ ಬೆವರತೈತಿ" ಅಂದ ಮುರಿಗೆಪ್ಪ.

ನಾಲಿಗೆಗೆ ಹಚ್ಚಿ ನೋಡಿದೆ. ಉಪ್ಪಿಲ್ಲ, ಸಿಹಿ ನೀರು. ನಿನ್ನ ಅವ್ವನ ಬಾಣಂತನಕ್ಕೆ ಬಸರಿಗಟ್ಟಿಗೆ ಬಂದಾಗ ಕುಡಿದ ಹೊಳೆಯ ರುಚಿ ನನಗೆ ಮರೆತಿಲ್ಲ. ಸತ್ಯಮೂರ್ತಿಯನ್ನು ಕರೆದು ತೋರಿಸಿದೆ. ಬಹಳ ಹೊತ್ತು ಬಗ್ಗಿ ನೋಡಿದ. ಅಷ್ಟು ಓದಿದವನು ಏನಾದರೂ ಹೆಸರು ಹೇಳಿಯಾನೆಂದು ಕಾದೆ. "ತಟ್ಟೆ ದೊಡ್ಡದು ಇಡಿ ಅಜ್ಜಿ" ಎಂದು ಎದ್ದು ಹೋದ.

ಅಕಿಯನ್ನು ಎಲ್ಲಿ ಇಟ್ಟಿದ್ದೀ? ಏನು ಮಾಡಿದೆ, ಏನು ಕಂಡೆ, ಮುಚ್ಚುಮರೆ ಇಲ್ಲದೆ ಬರೆ.

ರುದ್ರವ್ವ

*

ಬಸರಿಗಟ್ಟಿ ಕ್ಯಾಂಪ್
೨೮ ಏಪ್ರಿಲ್

ಆಯಿ,

ಬರೆಯದೆ ಇಷ್ಟು ದಿನ ತಡೆದೆ. ಈಗ ತಡೆಯಲಾರೆ.

ಆ ದಿನ ಮಧ್ಯಾಹ್ನವೇ ಹೊಲಕ್ಕೆ ಹೋದೆ. ಕಲ್ಲು ಸರಿಸಿದಾಗ ಎಲುಬು ಕುಸಿದು ಬಿದ್ದಿರಬಹುದು, ಆರಿಸಿ ಗಡಿಗೆಯಲ್ಲಿ ತುಂಬಿಕೊಳ್ಳೋಣ ಎಂದುಕೊಂಡಿದ್ದೆ. ಕುಸಿದಿರಲಿಲ್ಲ. ಕೂತ ಹಾಗೆಯೇ ಇದ್ದಳು. ಮಣ್ಣಿನ ಬಣ್ಣಕ್ಕೆ ಬಂದಿದ್ದಳು, ಅಷ್ಟೇ. ಎಡಗೈ ಎದೆಯ ಮಟ್ಟಕ್ಕೆ ಇತ್ತು, ಅದರಲ್ಲಿ ಲಿಂಗ. ತೆಗೆಯುವಾಗ ಬೆರಳುಗಳು ಸುಲಭವಾಗಿ ಬಿಡಲಿಲ್ಲ, ಆಯಿ. ನಾನು ಎಳೆದೆ. ಎಳೆದದ್ದೇ ತಡ, ಯಾರೋ ಉಸಿರು ಬಿಟ್ಟ ಹಾಗಾಗಿ ಇಡೀ ಆಕಾರ ಪುಡಿಯಾಗಿ ಕೆಳಗೆ ಇಳಿಯಿತು. ಒಯ್ಯಲು ಏನೂ ಉಳಿಯಲಿಲ್ಲ. ಕಲ್ಲು ಮುಚ್ಚಿ ಬಂದೆ. ಕೈಯಲ್ಲಿ ಉಳಿದದ್ದು ಅದೊಂದೇ, ಅದನ್ನೇ ನಿನಗೆ ಕಳಿಸಿದೆ.

ಅದಾದ ಮೇಲೆ ಸೈಟಿನಲ್ಲಿ ಒಬ್ಬ ಹೆಂಗಸು ಬರುತ್ತಾಳೆ. ಉಣ್ಣುವ ಹೊತ್ತಿಗೆ, ಕಣ್ಣು ಕುಕ್ಕುವ ಬಿಸಿಲಿನಲ್ಲಿ. ಆಳುಗಳ ಮುಂದೆ ಎಡಗೈ ಚಾಚಿ ನಿಲ್ಲುತ್ತಾಳೆ, ಮಾತಾಡುವುದಿಲ್ಲ. ಭಿಕ್ಷೆಯವಳೆಂದು ರೊಟ್ಟಿ ಇಟ್ಟರು. ಕೈ ಮಗುಚಿ ಕೆಳಗೆ ಚೆಲ್ಲಿ ಮತ್ತೆ ಚಾಚಿದಳು. ಒಬ್ಬ ಬೆಲ್ಲ ಇಟ್ಟ. ಅದನ್ನೂ ಮಗುಚಿದಳು. ಜಮಾದಾರ ಬಂದು ನನಗೆ ಹೇಳಿದ: "ಸಾಹೇಬ್ರ, ಅಕಿಗೆ ಏನ ಬೇಕಂತ ತಿಳೀವಲ್ದು. ಕೊಟ್ಟದ್ದು ಯಾವುದೂ ಅಕೀದಲ್ಲ."

ನಾನು ನಗಾಡಿ ಕಳಿಸಿದೆ. ಕಳೆದ ಸೋಮವಾರ ನನ್ನ ಮೇಜಿನ ಮುಂದೆಯೇ ನಿಂತಿದ್ದಳು. ಸೀರೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹೊಳೆ ಇನ್ನೂ ಮೊಣಕಾಲುದ್ದ ಕೂಡ ಇಲ್ಲ, ಎಲ್ಲಿ ತೊಯ್ದಳೋ. ನನ್ನನ್ನು ಗುರುತು ಹಿಡಿದ ಹಾಗೆ ಕಾಣಲಿಲ್ಲ. ಸೈಟಿನ ಎಲ್ಲರನ್ನೂ ನೋಡಿದ ಹಾಗೆಯೇ ನನ್ನನ್ನೂ ನೋಡಿದಳು, ಕೈ ಚಾಚಿದಳು.

ನನಗೆ ಹೆದರಿಕೆಯಾದದ್ದು ಅದಕ್ಕಲ್ಲ. ಅವಳು ನನಗಿಂತ ಚಿಕ್ಕವಳು, ಆಯಿ. ತಂಗಿಯ ವಯಸ್ಸಿನವಳು.

ಏನು ಮಾಡಲಿ ಹೇಳು.

ಶಿವಪುತ್ರ

*

ಆಂಟಾಪ್ ಹಿಲ್
೧೪ ಮೇ

ಶಿವಪುತ್ರನಿಗೆ,

ದೆವ್ವ ಇಲ್ಲವೆಂದು ಬರೆದವಳು ನಾನೇ. ಈಗಲೂ ಇಲ್ಲವೆಂದೇ ಹೇಳುತ್ತೇನೆ. ಅಕಿ ದೆವ್ವವಲ್ಲ. ಕೈಯಲ್ಲಿದ್ದದ್ದನ್ನು ಕಸಿದುಕೊಂಡಿದ್ದಾರೆ, ಕೇಳುತ್ತಿದ್ದಾಳೆ. ಬದುಕಿದ್ದಾಗಲೂ ಅಕಿ ಹಾಗೆಯೇ, ಜಗಳವಾಡುತ್ತಿರಲಿಲ್ಲ, ಬಂದು ಎದುರಿಗೆ ನಿಲ್ಲುತ್ತಿದ್ದಳು.

ನೀರು ಏರುವ ಮೊದಲು ಲಿಂಗ ಅಕಿಯ ಕೈಗೆ ಸೇರಬೇಕು. ಬೇರೆ ದಾರಿ ಇಲ್ಲ. ನೀರು ಮುಚ್ಚಿಬಿಟ್ಟರೆ ಯಾರು ಎಲ್ಲಿ ಹುಡುಕಿ ಕೊಡಬೇಕು, ಅಕಿ ಎಷ್ಟು ಕಾಲ ಯಾರ್‍ಯಾರ ಬಾಗಿಲಲ್ಲಿ ಕೈ ಚಾಚಿ ನಿಲ್ಲಬೇಕು? ಈ ಸಲ ಟಪಾಲಿಗೆ ಹಾಕುವುದಿಲ್ಲ, ನಾನೇ ತರುತ್ತೇನೆ. ಈಗ ಹೊರಡಬೇಕೆಂದರೆ ಸೇವಂತಿಗೆ ಟೈಫಾಯಿಡ್, ತಲೆ ಎತ್ತುತ್ತಿಲ್ಲ, ಮನೆಯಲ್ಲಿ ಗಂಜಿ ಕಾಸುವವರಿಲ್ಲ. ಸೇವಂತಿಗೆ ಮೈಯಲ್ಲಿ ಶಕ್ತಿ ಬಂದ ದಿನ ಗಾಡಿ ಹತ್ತುತ್ತೇನೆ. ನಾನು ಬರುವವರೆಗೆ ಕಟ್ಟೆಯ ಗೇಟು ಇಳಿಸಿ ಹೊಳೆ ತಡೆಯಬೇಡ.

ಮೊನ್ನೆ ಸತ್ಯಮೂರ್ತಿ ಬಂದು ತಟ್ಟೆಯ ಪಕ್ಕ ಕೂತ. ಈಗ ತಟ್ಟೆ ಹೋಗಿ ಅಗಲದ ಪರಾತ ಇಟ್ಟಿದ್ದೇವೆ. ಮೆಲ್ಲಗೆ ಹೇಳಿದ: "ಅಜ್ಜಿ, ಟ್ರಾಂಬೆಯಲ್ಲಿ ನಮ್ಮ ಲೋಹವೂ ನೀರಿನ ತಳದಲ್ಲೇ ಕೂತಿರುತ್ತೆ. ಮೇಲಿಂದ ಬಗ್ಗಿ ನೋಡಿದ್ರೆ ನೀಲಿ ಬೆಳಕು. ಕೆಲಸ ಮುಗಿದ್ಮೇಲೂ ಅದು ಆರಲ್ಲ. ವರ್ಷಗಟ್ಟಲೆ ನೀರಲ್ಲೇ ಇಟ್ಟು ಕಾಯ್ಬೇಕು."

"ಯಾರು ಕಾಯತಾರ?"

"ನಾವು. ಆಮೇಲೆ ನಮ್ಮ ಮಕ್ಕಳು."

"ಅವರಿಗೆ ಕೇಳೀರೇನು?"

ಮುರಿಗೆಪ್ಪ ಗೆದ್ದೆನೆಂದು ಮೀಸೆ ತಿರುವಿದ. ಅವನಿಗೂ ಕೊಟ್ಟೆ. "ನಿನ್ನ ಇದ್ದಲಿ ಏನದು? ಸತ್ತ ಅಡವಿ. ನೆಲದಾಗ ಮಲಗಿದ್ದನ್ನ ಎಬ್ಬಿಸಿ ತಂದು ಸುಡತೀರಿ. ಇವನು ಸಾಯಲಾರದ್ದನ್ನ ನೀರಾಗ ಕೂಡಸತಾನ. ನನ್ನ ಮೊಮ್ಮಗ ಕೂತವರ ಮ್ಯಾಲ ನೀರು ನಿಲ್ಲಸತಾನ. ಸತ್ತವರಿಗೆ ತ್ರಾಸ ಕೊಡದ ದೀಪ ಯಾವುದೈತಿ, ಮೂರೂ ಮಂದಿ ಕೂಡಿ ಹುಡುಕರಿ."

ಉತ್ತರ ನಿನ್ನ ಹತ್ತಿರ ಇದ್ದರೆ ಬರೆ. ಇಲ್ಲದಿದ್ದರೆ ಗೇಟು ಹಿಡಿದುಕೊಂಡು ನಿಲ್ಲು.

ಆಯಿ

*

ಬಸರಿಗಟ್ಟಿ ಕ್ಯಾಂಪ್
೩೦ ಮೇ

ಆಯಿ,

ದೊಡ್ಡ ಸಾಹೇಬರ ಹತ್ತಿರ ಹೋಗಿ ನಾಲ್ಕು ದಿನ ತಡೆಯಿರಿ ಎಂದು ಕೇಳಿದೆ. ಕಾರಣವೇನು ಎಂದರು. ಏನು ಹೇಳಲಿ?

ಅವರ ಮಾತೂ ಸುಳ್ಳಲ್ಲ. ಮೊದಲ ದೊಡ್ಡ ನೆರೆ ಬರುವ ಮುಂಚೆ ಗೇಟು ಇಳಿಯದಿದ್ದರೆ ಮತ್ತೆ ಇಳಿಸಲಾಗುವುದಿಲ್ಲ, ಒಂದು ವರ್ಷದ ನೀರು ಸಮುದ್ರದ ಪಾಲು. ಬರುವ ಬೇಸಿಗೆಗೆ ಮುಂಬಯಿಯ ಗಿರಣಿ, ಲೋಕಲ್, ಆಸ್ಪತ್ರೆ ಎಲ್ಲವೂ ಈ ನೀರನ್ನೇ ನಂಬಿವೆ. ಆಪರೇಶನ್ ಮೇಜಿನ ಮೇಲೆ ಮಲಗಿದವರಿಗೂ ಒಬ್ಬ ತಾಯಿ ಇರುತ್ತಾಳಲ್ಲವೆ? ಇದನ್ನು ನಾನೇ ನಾಲ್ಕು ಸಲ ನನಗೆ ಹೇಳಿಕೊಂಡಿದ್ದೇನೆ.

ಜೂನ್ ಹತ್ತಕ್ಕೆ ಇಳಿಸುವುದು ಎಂದು ಗೊತ್ತಾಗಿದೆ. ಇಳಿಸುವ ಕೆಲಸ ನನಗೇ ಒಪ್ಪಿಸಿದ್ದಾರೆ. ಅಷ್ಟರೊಳಗೆ ಬಂದರೆ ಬಾ. ಊರಿನವರು ಎತ್ತರದ ಹೊಸ ವಸತಿಗೆ ಹೋಗಿದ್ದಾರೆ, ಚನ್ನಬಸಯ್ಯನವರ ಮನೆಯಲ್ಲಿ ಇಳಿದುಕೋ. ಹತ್ತರ ನಂತರ ಹೊಲಕ್ಕೆ ಇಳಿಯಬೇಡ, ಕೈಮುಗಿದು ಕೇಳುತ್ತೇನೆ.

ಅವಳು ಈಗ ಆಳುಗಳ ಹತ್ತಿರ ಹೋಗುವುದಿಲ್ಲ. ನನ್ನ ಡೇರೆಯ ಮುಂದೆ ಮಾತ್ರ ನಿಲ್ಲುತ್ತಾಳೆ.

ಶಿವಪುತ್ರ

*

ಕಟ್ಟೆಯ ಮೇಲಿಂದ
೧೧ ಜೂನ್

ಆಯಿ,

ಗೇಟು ಬಿಟ್ಟು ಬರುವಂತಿಲ್ಲ, ದಾರಿಯೂ ಮುಳುಗಿದೆ. ಜಮಾದಾರ ಗುಡ್ಡ ಸುತ್ತಿ ಹೊಸ ವಸತಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನೀನು ಕ್ಷೇಮವಾಗಿ ವಸತಿ ಸೇರಿದೆ ಎಂದು ನಿನ್ನೆ ರಾತ್ರಿ ಅಲ್ಲಿಂದ ಬಂದ ಅವನೇ ಹೇಳಿದ. ಇಲ್ಲದಿದ್ದರೆ ನಾನು ಬದುಕಿ ಉಪಯೋಗವಿರಲಿಲ್ಲ.

ನಿನ್ನೆ ಮುಂಜಾನೆ ಗೇಟು ಇಳಿಸಿದೆ. ಮೇಲೆ ಘಟ್ಟದಲ್ಲಿ ಮಳೆ ಜೋರಾಗಿತ್ತು, ನೀರು ಬೇಗ ಬೇಗ ಏರಿತು. ಊಟದ ಹೊತ್ತಿಗೆ ಹೊಲ ಮುಳುಗಬೇಕಿತ್ತು. ಅಷ್ಟರಲ್ಲಿ ದುರ್ಬೀನಿನಲ್ಲಿ ನೋಡಿದರೆ ಹೊಲದ ನಡುವೆ ನಿನ್ನ ಬಿಳಿ ಸೀರೆ ಕಂಡಿತು, ಪಕ್ಕದಲ್ಲಿ ಚನ್ನಬಸಯ್ಯನವರು. ಪುಣೆಯಲ್ಲಿ ಗಾಡಿ ತಪ್ಪಿ ಒಂದು ದಿನ ತಡವಾಗಿ ಬಂದೆಯಂತೆ. ಕೂಗಿದೆ, ಕೇಳಿಸುವ ದೂರವಲ್ಲ. ಗೇಟು ಎತ್ತಿರೆಂದು ಅರಚಿದೆ. ಅಷ್ಟು ನೀರು ಒತ್ತಿದ ಮೇಲೆ ಅದು ಏಳುವುದಿಲ್ಲ, ಎತ್ತುವ ಯಂತ್ರದ ಸರಪಳಿ ಹರಿಯಿತು.

ಆಮೇಲೆ ಆದದ್ದಕ್ಕೆ ನನ್ನ ಹತ್ತಿರ ವಿವರಣೆ ಇಲ್ಲ. ಅಳತೆಗೋಲಿನಲ್ಲಿ ನೀರು ಏರುತ್ತಲೇ ಇತ್ತು. ಹೊಲದ ಬದುವಿನ ಹತ್ತಿರ ಮಾತ್ರ ನಿಂತಿತು. ಸುತ್ತಲೂ ಮೊಳದೆತ್ತರ ನೀರು ಗೋಡೆಯಂತೆ ನಿಂತಿದೆ, ನಡುವೆ ಹೊಲ ಒಣಗಿದೆ. ದೊಡ್ಡ ಸಾಹೇಬರು ದುರ್ಬೀನು ತೆಗೆದುಕೊಂಡರು, ನೋಡಿದರು, ನನ್ನ ಕೈಗೆ ಮರಳಿ ಕೊಟ್ಟರು. ನೀವು ಹತ್ತಿ ದಂಡೆ ಸೇರಿದ್ದು ಕಂಡೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹೊಲ ಇರಲಿಲ್ಲ.

ಅಲ್ಲಿ ಏನಾಯಿತು, ಆಯಿ? ನಾನು ಇಳಿಸಿದ ನೀರು ಯಾಕೆ ಕಾಯಿತು?

ಶಿವಪುತ್ರ

*

ಹೊಸ ವಸತಿ, ಚನ್ನಬಸಯ್ಯನವರ ಮನೆ
೧೨ ಜೂನ್ ೧೯೫೭

ಚಿರಂಜೀವಿ ಶಿವಪುತ್ರನಿಗೆ,

ಜಮಾದಾರ ಬಾಗಿಲಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದಾನೆ. ಅವನು ಕೈ ತೊಳೆಯುವುದರೊಳಗೆ ಬರೆಯಬೇಕು.

ನೀನು ಗೇಟು ಇಳಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ದೀಪ ಬೇಡ ಎನ್ನುವವಳಲ್ಲ ನಾನು, ಹೊಗೆಯ ಒಲೆಯ ಮುಂದೆ ಕಣ್ಣು ಉರಿಸಿಕೊಂಡವಳು. ಇದ್ದಲಿಯೋ ಹೊಳೆಯೋ ಅಣುವೋ, ಯಾವುದರಿಂದಾದರೂ ಹತ್ತಿಸಿರಿ. ಯಾರ ಮೇಲೆ ಕಾಲಿಟ್ಟು ಹತ್ತಿಸುತ್ತೀರೋ ಅವರ ಮುಖ ಒಮ್ಮೆ ನೋಡಿ ಹತ್ತಿಸಿರಿ. ಇಷ್ಟೇ ನನ್ನ ರಾಜಕಾರಣ.

ಹೊಲಕ್ಕೆ ಹೋದಾಗ ಬದುವಿನ ಆಚೆ ನೀರು ಆಗಲೇ ಸುತ್ತುವರಿದಿತ್ತು, ಮೇಲೆ ಹತ್ತುವ ಒಂದು ಕಾಲುದಾರಿ ಮಾತ್ರ ಉಳಿದಿತ್ತು. ಚನ್ನಬಸಯ್ಯನವರು ಕಲ್ಲು ಸರಿಸಿದರು. ಒಳಗೆ ಬರೀ ಮಣ್ಣು. ಅಕಿ ಇರಲಿಲ್ಲ. ಮಣ್ಣಿನ ಮೇಲೆ ಲಿಂಗ ಇಟ್ಟು ಹೋಗೋಣ ಎಂದರು ಅವರು. ಆಗಲಿ ಎಂದು ತಿರುಗಿದೆ. ಬೆನ್ನ ಹಿಂದೆಯೇ ನಿಂತಿದ್ದಳು.

ನಾನು ಮುದುಕಿಯಾದೆ, ಶಿವಪುತ್ರ. ಅಕಿ ಆಗಿರಲಿಲ್ಲ. ಬಾಣಂತಿಯ ಅರಿವೆ ತಲೆಗೆ ಕಟ್ಟಿದ್ದು ಹಾಗೆಯೇ ಇತ್ತು. ಕೈ ಚಾಚಿದಳು. ಅಂಗೈಯಲ್ಲಿ ಲಿಂಗ ಇಟ್ಟೆ. ಮಗುಚಿಯಾಳೆಂದು ಕೆಳಗೆ ಸೆರಗು ಒಡ್ಡಿದೆ. ಮಗುಚಲಿಲ್ಲ. ಬೆರಳು ಒಂದೊಂದಾಗಿ ಮುಚ್ಚಿಕೊಂಡವು.

"ಇನ್ನರ ಕೂಡ್ರ ಶರಣಿ, ನಿಂತು ನಿಂತು ಕಾಲು ಸೋತಿರಬೇಕು" ಅಂದೆ.

ಆಗ ಬಾಯಿ ತೆರೆದಳು. "ಯವ್ವಾ, ಕೂಸು ಹಾಲು ಕುಡೀತೇನು?"

ಕಟ್ಟೆಯ ಕಡೆ ಕೈ ಮಾಡಿದೆ. "ಅಗಾ, ಆ ಗ್ವಾಡಿ ಮ್ಯಾಲ ಟೊಪ್ಪಿಗಿ ಹಾಕ್ಕೊಂಡು ನಿಂತಾನ ನೋಡು. ಕುಡದಾನ. ಹೊಳಿ ಹಿಡದು ನಿಲ್ಲಸುವಷ್ಟು ದೊಡ್ಡವನಾಗ್ಯಾನ."

ಬಹಳ ಹೊತ್ತು ನಿನ್ನನ್ನೇ ನೋಡಿದಳು. ನೀನು ಕೈ ಬೀಸುತ್ತಿದ್ದೆ.

"ಅವನಲ್ಲ ಯವ್ವಾ, ಹಿಡದಾಕಿ ನಾನು" ಅಂದಳು. "ನೀ ಮ್ಯಾಲ ಹತ್ತು. ಇನ್ನ ಬಿಡತೀನಿ."

ಗೂಡಿನೊಳಗೆ ಇಳಿದು ಕೂತಳು. ಚನ್ನಬಸಯ್ಯನವರು ಕಲ್ಲು ಮುಚ್ಚಿದರು. ನಾನು ಹತ್ತಿದೆ.

ನಿನ್ನ ಆಯಿ,
ರುದ್ರವ್ವ